ಕೊಳವೆಯೊಳಗಿನ ಒತ್ತಡ: ಮೈಸೂರು ರಾಕೆಟ್‌ನಿಂದ ಮನೆಯ ಕುಕ್ಕರ್‌ವರೆಗೆ



ಬೆಳಗಿನ ಎಂಟು ಗಂಟೆಗೆ ನಮ್ಮ ಮೈಸೂರಿನ ಯಾವುದೇ ಬೀದಿಯಲ್ಲಿ ನಡೆದು ಹೋಗಿ. ಮಂಡಿ ಮೊಹಲ್ಲಾ ಇರಲಿ, ಲಷ್ಕರ್ ಮೊಹಲ್ಲಾ ಇರಲಿ, ಉದಯಗಿರಿ ಇರಲಿ, ಮನೆಮನೆಯಿಂದಲೂ ಕುಕ್ಕರಿನ ಕೂಗು ಕೇಳಿಸುತ್ತದೆ. ಮೂರು ಕೂಗಿಗೆ ಬೇಳೆ ಬೆಂದಿತು, ಐದು ಕೂಗಿಗೆ ಮಾಂಸ ಬೆಂದಿತು ಎಂಬ ಲೆಕ್ಕ ನಮ್ಮ ತಾಯಂದಿರಿಗೆ ಗೊತ್ತು. ಆದರೆ ಇನ್ನೊಂದು ಲೆಕ್ಕವನ್ನು ನಾವು ಯಾರೂ ಮಾಡಿ ನೋಡಿಲ್ಲ. ಕುಕ್ಕರಿನ ಒಳಗೆ ಹೊರಗಿನ ಗಾಳಿಗಿಂತ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 1 ಕೆ.ಜಿ. ಹೆಚ್ಚು ಒತ್ತಡ ಇರುತ್ತದೆ. ಮುಚ್ಚಳದ ಅಗಲ 20 ಸೆಂಟಿಮೀಟರ್ ಇದ್ದರೆ ಅದರ ವಿಸ್ತೀರ್ಣ 314 ಚದರ ಸೆಂಟಿಮೀಟರ್. ಅಂದರೆ ಆ ಮುಚ್ಚಳವನ್ನು ಒಳಗಿನಿಂದ 314 ಕೆ.ಜಿ. ಬಲ ಮೇಲಕ್ಕೆ ತಳ್ಳುತ್ತಿರುತ್ತದೆ. ಮೂರು ಕ್ವಿಂಟಾಲ್! ಒಲೆಯ ಮುಂದೆ ನಿಂತು ತರಕಾರಿ ಹೆಚ್ಚುತ್ತಿರುವ ತಾಯಿಯ ಪಕ್ಕದಲ್ಲಿಯೇ ಮೂರು ಕ್ವಿಂಟಾಲ್ ಬಲವು ಒಂದು ತೆಳು ಅಲ್ಯೂಮಿನಿಯಂ ಪಾತ್ರೆಯಲ್ಲಿ ಸೆರೆಯಾಗಿ ಕುಳಿತಿದೆ.

ಈ ಬಲವನ್ನು ಲೋಹದ ಕೊಳವೆಯಲ್ಲಿ ಹಿಡಿದಿಟ್ಟು ಕೆಲಸಕ್ಕೆ ಹಚ್ಚುವ ವಿದ್ಯೆಯಲ್ಲಿ ಒಂದು ಕಾಲಕ್ಕೆ ಜಗತ್ತೇ ತಿರುಗಿ ನೋಡುವಂತಹ ಸಾಧನೆ ಮಾಡಿದ್ದು ನಮ್ಮ ಮೈಸೂರು ರಾಜ್ಯ. ಆ ಸಾಧನೆ ಯಾವುದು, ಅದು ನಮ್ಮ ಕೈಯಿಂದ ಹೇಗೆ ಜಾರಿತು, ಅದರಿಂದ ಇಂದು ನಮ್ಮ ಮನೆ ಮತ್ತು ಕಾರ್ಯಾಗಾರಗಳಿಗೆ ದೊರೆಯುವ ಪಾಠವೇನು ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಕಬ್ಬಿಣದ ಕೊಳವೆ

ಮೈಸೂರಿನಿಂದ ಸುಮಾರು 15 ಕಿಲೋಮೀಟರ್ ದೂರದ ಶ್ರೀರಂಗಪಟ್ಟಣ ಹೈದರ್ ಅಲಿ ಮತ್ತು ಟಿಪ್ಪು ಸುಲ್ತಾನರ ರಾಜಧಾನಿಯಾಗಿತ್ತು. ಅವರ ಸೈನ್ಯದ ರಾಕೆಟ್‌ಗಳ ಬಗ್ಗೆ ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಸಭೆ ಸಮಾರಂಭಗಳಲ್ಲಿ ಭಾಷಣಕಾರರು "ರಾಕೆಟ್ ಕಂಡುಹಿಡಿದವರು ಟಿಪ್ಪು ಸುಲ್ತಾನರು" ಎಂದು ಹೇಳುವುದುಂಟು. ಅಭಿಮಾನದಿಂದ ಹೇಳುವ ಮಾತಾದರೂ ಇದು ಸರಿಯಲ್ಲ. ಮದ್ದು ತುಂಬಿದ ಬಾಣಗಳು ಚೀನಾ ದೇಶದಲ್ಲಿ ಅದಕ್ಕೂ ಶತಮಾನಗಳ ಹಿಂದೆಯೇ ಇದ್ದವು. ಭಾರತದಲ್ಲಿಯೂ ಮೊಘಲರ ಕಾಲದಲ್ಲಿ ಬಳಕೆಯಲ್ಲಿದ್ದವು. ಹೈದರ್ ಅಲಿಯವರ ತಂದೆಯೇ ಆರ್ಕಾಟ್ ನವಾಬರ ಸೇವೆಯಲ್ಲಿ 50 ಮಂದಿ ರಾಕೆಟ್ ಸಿಪಾಯಿಗಳ ತುಕಡಿಯ ಮುಖ್ಯಸ್ಥರಾಗಿದ್ದರೆಂದು ಇತಿಹಾಸಕಾರರು ಬರೆದಿದ್ದಾರೆ.

ಹಾಗಾದರೆ ಮೈಸೂರಿನ ಹಿರಿಮೆ ಯಾವುದರಲ್ಲಿದೆ? ಉತ್ತರ ಕೊಳವೆಯಲ್ಲಿದೆ. ಅದುವರೆಗೆ ಬೇರೆ ಕಡೆಗಳಲ್ಲಿ ರಾಕೆಟ್‌ನ ಹೊರಕವಚವನ್ನು ಹೆಚ್ಚಾಗಿ ಕಾಗದ ಅಥವಾ ಬಿದಿರಿನಿಂದ ಮಾಡುತ್ತಿದ್ದರು. ಮೈಸೂರಿನವರು ಅದನ್ನು ಬಡಿದು ಹದಗೊಳಿಸಿದ ಮೆದು ಕಬ್ಬಿಣದಿಂದ ಮಾಡಿದರು. ಸುಮಾರು 8 ಅಂಗುಲ ಉದ್ದ, ಒಂದೂವರೆಯಿಂದ 3 ಅಂಗುಲ ವ್ಯಾಸದ ಕೊಳವೆ. ಒಂದು ತುದಿ ಮುಚ್ಚಿರುತ್ತಿತ್ತು. ಇನ್ನೊಂದು ತುದಿಯಲ್ಲಿ ಬೆಂಕಿ ಹೊರಬರಲು ದಾರಿ. ಅದನ್ನು ಸುಮಾರು 4 ಅಡಿ ಉದ್ದದ ಬಿದಿರಿನ ಕೋಲಿಗೆ ತೊಗಲಿನ ಪಟ್ಟಿಯಿಂದ ಕಟ್ಟುತ್ತಿದ್ದರು. ಒಂದು ಪೌಂಡ್ ಮದ್ದು ಹಿಡಿಯುವ ಇಂತಹ ಬಾಣ ಸುಮಾರು 1,000 ಗಜ ದೂರ ಹೋಗುತ್ತಿತ್ತು. ಹೈದರ್ ಅಲಿಯವರ ಕಾಲದಲ್ಲಿ ಸುಮಾರು 1,200 ಇದ್ದ ರಾಕೆಟ್ ಸಿಪಾಯಿಗಳ ಸಂಖ್ಯೆ ಟಿಪ್ಪು ಸುಲ್ತಾನರ ಕಾಲದಲ್ಲಿ 5,000ದ ಹತ್ತಿರ ಬಂದಿತ್ತೆಂದು ಹೇಳಲಾಗುತ್ತದೆ. ಬೆಂಗಳೂರಿನ ಹಳೇ ಪೇಟೆಯಲ್ಲಿ ತಾರಾಮಂಡಲಪೇಟೆ ಎಂಬ ಹೆಸರು ಈ ಬಾಣಗಳ ನೆನಪನ್ನು ಉಳಿಸಿಕೊಂಡಿದೆ.

ಕಾಗದಕ್ಕೂ ಕಬ್ಬಿಣಕ್ಕೂ ಏನು ವ್ಯತ್ಯಾಸ?

ಇದನ್ನು ತಿಳಿಯಲು ಸ್ವಲ್ಪ ಎಂಜಿನಿಯರಿಂಗ್ ಬೇಕು. ಹೆದರಬೇಡಿ, ಏಳನೇ ತರಗತಿಯ ಗಣಿತ ಸಾಕು.

ಕೊಳವೆಯೊಳಗೆ ಮದ್ದು ಉರಿದಾಗ ಅನಿಲ ಹುಟ್ಟುತ್ತದೆ. ಅದು ಹಿಂದಿನ ಕಿರಿದಾದ ದಾರಿಯಿಂದ ರಭಸವಾಗಿ ಹೊರನುಗ್ಗುತ್ತದೆ. ಅದರ ಪ್ರತಿಕ್ರಿಯೆಯಾಗಿ ರಾಕೆಟ್ ಮುಂದಕ್ಕೆ ಹಾರುತ್ತದೆ. ಒಳಗಿನ ಒತ್ತಡ ಹೆಚ್ಚಿದಷ್ಟೂ ಅನಿಲ ಹೊರಬರುವ ರಭಸ ಹೆಚ್ಚು, ಹಾರುವ ದೂರವೂ ಹೆಚ್ಚು. ದೀಪಾವಳಿಯ ಕಾಗದದ ರಾಕೆಟ್‌ನಲ್ಲಿ ಒತ್ತಡ ಸ್ವಲ್ಪ ಏರಿದರೂ ಕವಚ ಹರಿದುಹೋಗುತ್ತದೆ. ಕಬ್ಬಿಣ ಹೆಚ್ಚು ಒತ್ತಡವನ್ನು ತಡೆದುಕೊಳ್ಳುತ್ತದೆ. ಆದ್ದರಿಂದ ಮದ್ದನ್ನು ಗಟ್ಟಿಯಾಗಿ ಅದುಮಿ ತುಂಬಬಹುದು. ಮೈಸೂರಿನ ಬಾಣ ದೂರ ಹೋಗಲು ಇದೇ ಕಾರಣ.

ಈಗ ಕೊಳವೆಯ ಗೋಡೆಯ ಮೇಲೆ ಬೀಳುವ ಸೆಳೆತದ ಲೆಕ್ಕ ನೋಡೋಣ. ಒತ್ತಡವನ್ನು ವ್ಯಾಸದಿಂದ ಗುಣಿಸಿ, ಗೋಡೆಯ ದಪ್ಪದ ಎರಡರಷ್ಟರಿಂದ ಭಾಗಿಸಿ. ಉದಾಹರಣೆಗೆ 5 ಸೆಂ.ಮೀ. ವ್ಯಾಸದ, 2 ಮಿಲಿಮೀಟರ್ ದಪ್ಪದ ಕೊಳವೆಯಲ್ಲಿ ಪ್ರತಿ ಚದರ ಸೆಂ.ಮೀ.ಗೆ 20 ಕೆ.ಜಿ. ಒತ್ತಡವಿದೆ ಎಂದುಕೊಳ್ಳಿ. ಗೋಡೆಯನ್ನು ಸುತ್ತಳತೆಯ ದಿಕ್ಕಿನಲ್ಲಿ ಎಳೆಯುವ ಸೆಳೆತ ಪ್ರತಿ ಚದರ ಸೆಂ.ಮೀ.ಗೆ 250 ಕೆ.ಜಿ. ಆಗುತ್ತದೆ. ಅದೇ ಗೋಡೆಯನ್ನು ಉದ್ದದ ದಿಕ್ಕಿನಲ್ಲಿ ಎಳೆಯುವ ಸೆಳೆತ ಇದರ ಅರ್ಧ, ಅಂದರೆ 125 ಕೆ.ಜಿ. ಮಾತ್ರ.

ಈ ಚಿಕ್ಕ ಲೆಕ್ಕದಿಂದ ಮೂರು ದೊಡ್ಡ ಸಂಗತಿಗಳು ತಿಳಿಯುತ್ತವೆ.

ಮೊದಲನೆಯದು, ಒತ್ತಡ ಹೆಚ್ಚಾದ ಕೊಳವೆ ಸಾಮಾನ್ಯವಾಗಿ ಉದ್ದಕ್ಕೆ ಸೀಳುತ್ತದೆ, ಅಡ್ಡಕ್ಕೆ ತುಂಡಾಗುವುದಿಲ್ಲ. ತೋಟಕ್ಕೆ ನೀರು ಬಿಡುವ ಹಳೆಯ ಪೈಪು ಸೀಳಿದ್ದನ್ನು ನೀವು ನೋಡಿರಬಹುದು. ತಗಡನ್ನು ಸುತ್ತಿ ಕೊಳವೆ ಮಾಡಿದಾಗ ಉದ್ದಕ್ಕೆ ಬರುವ ಬೆಸುಗೆಯೇ ಅತ್ಯಂತ ಎಚ್ಚರಿಕೆಯಿಂದ ಮಾಡಬೇಕಾದ ಬೆಸುಗೆ.

ಎರಡನೆಯದು, ವ್ಯಾಸ ಎರಡರಷ್ಟಾದರೆ ಗೋಡೆಯ ದಪ್ಪವೂ ಎರಡರಷ್ಟು ಇರಬೇಕು. ಸಣ್ಣ ಕುಕ್ಕರಿಗೆ ಸಾಕಾಗುವ ತಗಡು ಮದುವೆ ಮನೆಯ ದೊಡ್ಡ ಕುಕ್ಕರಿಗೆ ಸಾಲದು.

ಮೂರನೆಯದು, ತುಕ್ಕು ಹಿಡಿದು ಗೋಡೆಯ ದಪ್ಪ ಅರ್ಧವಾದರೆ ಸೆಳೆತ ಎರಡರಷ್ಟಾಗುತ್ತದೆ. ಹೊರಗಿನ ಬಣ್ಣ ಹೊಸದಾಗಿ ಹೊಳೆಯುತ್ತಿದ್ದರೂ ಒಳಗಿನ ತುಕ್ಕು ಕಣ್ಣಿಗೆ ಬೀಳುವುದಿಲ್ಲ.

ಈ ಸೂತ್ರವನ್ನು ಶ್ರೀರಂಗಪಟ್ಟಣದ ಕಮ್ಮಾರರು ಕಾಗದದ ಮೇಲೆ ಬರೆದು ಕಲಿತವರಲ್ಲ. ಕುಲುಮೆಯ ಮುಂದೆ ಕುಳಿತು, ತಿದಿ ಒತ್ತಿ, ಸುತ್ತಿಗೆಯ ಪೆಟ್ಟಿನ ಸದ್ದಿನಿಂದಲೇ ಕಬ್ಬಿಣದ ಹದ ಅರಿತವರು ಅವರು. ಅವರು ಆರಿಸಿಕೊಂಡ ಲೋಹವೂ ಗಮನಾರ್ಹ. ಎರಕದ ಕಬ್ಬಿಣ ಗಟ್ಟಿಯಾದರೂ ಗಾಜಿನಂತೆ ಥಟ್ಟನೆ ಒಡೆಯುತ್ತದೆ. ಬಡಿದ ಮೆದು ಕಬ್ಬಿಣ ಹಾಗಲ್ಲ, ಒಡೆಯುವ ಮೊದಲು ಹಿಗ್ಗುತ್ತದೆ, ಬಾಗುತ್ತದೆ, ಎಚ್ಚರಿಕೆ ಕೊಡುತ್ತದೆ. ಇಂದಿಗೂ ಬಾಯ್ಲರ್ ಮತ್ತು ಗ್ಯಾಸ್ ಸಿಲಿಂಡರ್‌ಗಳನ್ನು ಹೀಗೆ ಹಿಗ್ಗುವ ಗುಣವುಳ್ಳ ಉಕ್ಕಿನಿಂದಲೇ ಮಾಡುತ್ತಾರೆ.

ಬೆಂಕಿಯ ಎರಡು ಮುಖ

ಶ್ರೀರಂಗಪಟ್ಟಣದ ದರಿಯಾ ದೌಲತ್ ಬಾಗ್‌ಗೆ ಹೋದವರು ಅಲ್ಲಿನ ಗೋಡೆಯ ಮೇಲಿನ ಪೊಳ್ಳಿಲೂರು ಯುದ್ಧದ ದೊಡ್ಡ ಚಿತ್ರವನ್ನು ನೋಡಿಯೇ ಇರುತ್ತೀರಿ. 1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಬಳಿ ನಡೆದ ಆ ಯುದ್ಧದಲ್ಲಿ ಕರ್ನಲ್ ಬೈಲಿಯ ಇಂಗ್ಲಿಷ್ ಪಡೆ ಸಂಪೂರ್ಣ ಸೋತಿತು. ಚಿತ್ರದ ನಡುವೆ ಒಂದು ಮದ್ದಿನ ಬಂಡಿ ಸಿಡಿಯುತ್ತಿರುವುದನ್ನು ಕಲಾವಿದರು ತೋರಿಸಿದ್ದಾರೆ. ಮೈಸೂರಿನ ರಾಕೆಟ್‌ಗಳೇ ಆ ಬಂಡಿಗಳಿಗೆ ಬೆಂಕಿ ಹೊತ್ತಿಸಿದವೆಂದು ಹಲವು ಇತಿಹಾಸಕಾರರ ಅಭಿಪ್ರಾಯ.

ಹತ್ತೊಂಬತ್ತು ವರ್ಷಗಳ ನಂತರ ಅದೇ ಬೆಂಕಿ ಮೈಸೂರಿನವರ ಕಡೆಗೆ ತಿರುಗಿತು. 1799ರ ಏಪ್ರಿಲ್ 5ರ ರಾತ್ರಿ ಸುಲ್ತಾನ್‌ಪೇಟೆಯ ತೋಪಿನಲ್ಲಿ ಮೈಸೂರಿನ ರಾಕೆಟ್ ಮತ್ತು ಬಂದೂಕುಗಳು ಆರ್ಥರ್ ವೆಲ್ಲೆಸ್ಲಿಯ ಪಡೆಯನ್ನು ಹಿಮ್ಮೆಟ್ಟಿಸಿದವು. ಮುಂದೆ ವೆಲಿಂಗ್ಟನ್ ಎಂದು ಹೆಸರಾಗಿ ನೆಪೋಲಿಯನ್ನನನ್ನು ಸೋಲಿಸಿದ ಸೇನಾನಿ ಈತನೇ. ಆದರೆ ಮುತ್ತಿಗೆ ಬಿಗಿಯಾಯಿತು. ಮೇ 2ರಂದು ಶತ್ರುವಿನ ಒಂದು ಗುಂಡು ಕೋಟೆಯೊಳಗಿನ ರಾಕೆಟ್ ಉಗ್ರಾಣಕ್ಕೆ ಬಡಿಯಿತು. ಕೂಡಿಟ್ಟಿದ್ದ ರಾಕೆಟ್‌ಗಳು ಒಟ್ಟಿಗೆ ಸಿಡಿದವು. ಎರಡು ದಿನಗಳ ನಂತರ, ಮೇ 4ರಂದು, ಕೋಟೆ ಬಿದ್ದಿತು. ಟಿಪ್ಪು ಸುಲ್ತಾನರು ಯುದ್ಧ ಮಾಡುತ್ತಲೇ ಪ್ರಾಣಬಿಟ್ಟರು.

ಕೋಟೆ ಬೀಳಲು ಈ ಸ್ಫೋಟವೊಂದೇ ಕಾರಣವೆಂದು ಹೇಳಲಾಗದು. ಮೂರು ಕಡೆಯ ಶತ್ರುಗಳು, ಒಳಗಿನ ದ್ರೋಹದ ಆರೋಪಗಳು, ಗೋಡೆಯಲ್ಲಿ ಬಿದ್ದ ಬಿರುಕು, ಹೀಗೆ ಅನೇಕ ಕಾರಣಗಳಿವೆ. ಆದರೂ ಇಲ್ಲಿ ಒಂದು ಪಾಠವಿದೆ. ಒತ್ತಡ ಮತ್ತು ಬೆಂಕಿಯನ್ನು ಹಿಡಿದಿಡುವ ವಸ್ತು ಕೆಲಸ ಮಾಡುವಾಗ ಮಾತ್ರವಲ್ಲದೆ ಸುಮ್ಮನೆ ಇಟ್ಟಿರುವಾಗಲೂ ಅಪಾಯಕಾರಿ. ಅಂತಹ ವಸ್ತುಗಳನ್ನು ಒಂದೇ ಕಡೆ ರಾಶಿ ಹಾಕಿದರೆ ಒಂದರ ಬೆಂಕಿ ಎಲ್ಲದರ ಬೆಂಕಿಯಾಗುತ್ತದೆ. ಇಂದು ಬೀದಿ ಬದಿಯ ಅಂಗಡಿಯ ಹಿಂದಿನ ಕಿರಿದಾದ ಕೋಣೆಯಲ್ಲಿ ನಾಲ್ಕಾರು ಗ್ಯಾಸ್ ಸಿಲಿಂಡರ್‌ಗಳನ್ನು ಒತ್ತೊತ್ತಾಗಿ ಇಡುವವರು ಮೇ 2ರ ಆ ಉಗ್ರಾಣವನ್ನು ನೆನಪಿಸಿಕೊಳ್ಳಬೇಕು.

ವಿದ್ಯೆ ಕಡಲು ದಾಟಿತು

ಕೋಟೆ ಬಿದ್ದ ಮೇಲೆ ವಿಜಯಿಗಳ ಕೈಗೆ ಸುಮಾರು 600 ರಾಕೆಟ್ ಉಡಾವಣಾ ಸಾಧನಗಳು, 700 ಸಿದ್ಧ ರಾಕೆಟ್‌ಗಳು ಮತ್ತು 9,000 ಖಾಲಿ ಕೊಳವೆಗಳು ಸಿಕ್ಕವು. ಕೆಲವು ರಾಕೆಟ್‌ಗಳು ಇಂಗ್ಲೆಂಡಿನ ವುಲಿಚ್ ಶಸ್ತ್ರಾಗಾರವನ್ನು ತಲುಪಿದವು. ಅಲ್ಲಿ ವಿಲಿಯಂ ಕಾಂಗ್ರೀವ್ ಎಂಬುವರು 1804ರ ಸುಮಾರಿಗೆ ಪ್ರಯೋಗ ಆರಂಭಿಸಿದರು.

ಕಾಂಗ್ರೀವ್ ಮಾಡಿದ್ದೇನು? ಮೊದಲು ಲಂಡನ್ನಿನಲ್ಲಿ ಸಿಗುತ್ತಿದ್ದ ದೊಡ್ಡ ರಾಕೆಟ್‌ಗಳನ್ನು ಕೊಂಡು ಹಾರಿಸಿ ದೂರ ಅಳೆದರು. ಅವು ಮೈಸೂರಿನ ಬಾಣಗಳಷ್ಟು ದೂರ ಹೋಗಲಿಲ್ಲ. ಆಮೇಲೆ ಮದ್ದಿನ ಮಿಶ್ರಣವನ್ನು ಬದಲಿಸಿದರು, ಕಬ್ಬಿಣದ ಕವಚಕ್ಕೆ ಬಂದರು, ಮದ್ದನ್ನು ಒಂದೇ ಹದದಲ್ಲಿ ಅದುಮಲು ಯಂತ್ರದ ನೆರವು ಪಡೆದರು. ತೂಕಕ್ಕೆ ತಕ್ಕಂತೆ ನಿಗದಿತ ಅಳತೆಗಳನ್ನು ಗೊತ್ತುಪಡಿಸಿದರು. ಫಲಿತಾಂಶಗಳನ್ನು ಬರೆದು, ಚಿತ್ರ ಸಮೇತ ಮುದ್ರಿಸಿದರು. ಅವರ 32 ಪೌಂಡಿನ ರಾಕೆಟ್ ಸುಮಾರು 3,000 ಗಜ ಹೋಗುವಂತಾಯಿತು. 1806ರಲ್ಲಿ ಫ್ರಾನ್ಸಿನ ಬೊಲೋನ್, 1807ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್, 1814ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರಗಳ ಮೇಲೆ ಈ ರಾಕೆಟ್‌ಗಳು ಹಾರಿದವು. ಅಮೆರಿಕದ ರಾಷ್ಟ್ರಗೀತೆಯಲ್ಲಿ ಬರುವ ರಾಕೆಟ್‌ನ ಉಲ್ಲೇಖ ಈ ಬಾಲ್ಟಿಮೋರ್ ದಾಳಿಯದೇ.

ಮದ್ದು ಒಂದೇ ಹದದಲ್ಲಿರುವುದು ಏಕೆ ಇಷ್ಟು ಮುಖ್ಯ? ಒಳಗಿನ ಮದ್ದಿನಲ್ಲಿ ಒಂದು ಬಿರುಕು ಇದ್ದರೆ ಬೆಂಕಿ ಆ ಬಿರುಕಿನೊಳಗೂ ಹರಿಯುತ್ತದೆ. ಉರಿಯುವ ಮೇಲ್ಮೈ ಹೆಚ್ಚುತ್ತದೆ, ಅನಿಲ ಹೆಚ್ಚುತ್ತದೆ, ಒತ್ತಡ ಏರುತ್ತದೆ. ಒತ್ತಡ ಏರಿದರೆ ಮದ್ದು ಇನ್ನೂ ಬೇಗ ಉರಿಯುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಕೊಳವೆ ಸೀಳುತ್ತದೆ. ಹೊರದಾರಿ ಕಟ್ಟಿಕೊಂಡರೂ ಇದೇ ಗತಿ. ಒಬ್ಬ ನುರಿತ ಕಮ್ಮಾರ ತನ್ನ ಕೈಯಾರೆ ಮಾಡಿದ ಹತ್ತು ರಾಕೆಟ್‌ಗಳನ್ನು ಒಂದೇ ಹದದಲ್ಲಿ ಮಾಡಬಲ್ಲ. ಸಾವಿರ ಮಾಡಬೇಕಾದರೆ ಅಳತೆಗೋಲು, ತಕ್ಕಡಿ, ಬರಹ, ಪರೀಕ್ಷೆ ಇವು ಬೇಕು.

ಓದುಗರೇ, ನಾವು ನೋವಿನಿಂದಾದರೂ ಒಪ್ಪಬೇಕಾದ ಸತ್ಯ ಇದು. ಟಿಪ್ಪು ಸುಲ್ತಾನರು ಓದು ಬರಹದಲ್ಲಿ ಅಪಾರ ಆಸಕ್ತಿಯಿದ್ದವರು. ಅವರ ದೊಡ್ಡ ಗ್ರಂಥಭಂಡಾರ ಪ್ರಸಿದ್ಧವಾಗಿತ್ತು. ಸೈನ್ಯದ ನಿಯಮಗಳಿಗಾಗಿ 'ಫತಹುಲ್ ಮುಜಾಹಿದೀನ್' ಎಂಬ ಕೈಪಿಡಿಯನ್ನೇ ಬರೆಸಿದ್ದರು. ರಾಕೆಟ್ ಸಿಪಾಯಿಗಳ ವ್ಯವಸ್ಥೆಯೂ ಅದರಲ್ಲಿತ್ತು. ಆದರೆ ಕೊಳವೆ ಮಾಡಿದ ಕೈಗಳ ವಿದ್ಯೆ ಕೈಯಿಂದ ಕೈಗೆ ಸಾಗುವ ವಿದ್ಯೆಯಾಗಿತ್ತು. ರಾಜ್ಯ ಹೋಯಿತು, ಬೇಡಿಕೆ ನಿಂತಿತು, ಕುಲುಮೆ ತಣ್ಣಗಾಯಿತು. ಅದರೊಂದಿಗೆ ವಿದ್ಯೆಯೂ ಆರಿಹೋಯಿತು. ವಸ್ತುವನ್ನು ಕೊಂಡೊಯ್ದವರು ಅದನ್ನು ಅಳೆದು ಬರೆದುಕೊಂಡಿದ್ದರಿಂದ ಅವರಲ್ಲಿ ಅದು ಬೆಳೆಯಿತು.

ಒಬ್ಬ ಹುಡುಗನ ಅಲಕ್ಷ್ಯ, ಒಂದು ಸೀಸದ ಬಿರಡೆ

ಕಾಂಗ್ರೀವ್ ರಾಕೆಟ್‌ಗಳನ್ನು ಅಳೆಯತೊಡಗುವುದಕ್ಕೆ ಸ್ವಲ್ಪ ಮೊದಲು ಅದೇ ಇಂಗ್ಲೆಂಡಿನಲ್ಲಿ ಒತ್ತಡದ ಇನ್ನೊಂದು ಕಥೆ ನಡೆಯಿತು. ನಮ್ಮ ಅಡುಗೆ ಮನೆಗೆ ನೇರ ಸಂಬಂಧವಿರುವ ಕಥೆ ಇದು. ರಿಚರ್ಡ್ ಟ್ರೆವಿಥಿಕ್ ಎಂಬ ಎಂಜಿನಿಯರ್ ಹೆಚ್ಚು ಒತ್ತಡದ ಉಗಿಯಂತ್ರಗಳನ್ನು ಕಟ್ಟುತ್ತಿದ್ದರು. 1803ರ ಸೆಪ್ಟೆಂಬರ್‌ನಲ್ಲಿ ಗ್ರೀನಿಚ್‌ನಲ್ಲಿದ್ದ ಅವರ ಒಂದು ಬಾಯ್ಲರ್ ಸಿಡಿದು ನಾಲ್ವರು ಸತ್ತರು. ನೋಡಿಕೊಳ್ಳಬೇಕಾದ ಹುಡುಗ ಯಂತ್ರವನ್ನು ಬಿಟ್ಟು ಮೀನು ಹಿಡಿಯಲು ಹೋಗಿದ್ದ. ಸೇಫ್ಟಿ ವಾಲ್ವ್ ತೆರೆದುಕೊಳ್ಳುವಂತಿರಲಿಲ್ಲ.

ಟ್ರೆವಿಥಿಕ್ ಆ ಹುಡುಗನನ್ನು ಬೈದು ಸುಮ್ಮನಾಗಲಿಲ್ಲ. ಮನುಷ್ಯ ತಪ್ಪು ಮಾಡಿದರೂ ಯಂತ್ರ ಕೊಲ್ಲಬಾರದು ಎಂದು ಯೋಚಿಸಿದರು. ಒಂದರ ಬದಲು ಎರಡು ಸೇಫ್ಟಿ ವಾಲ್ವ್ ಇಟ್ಟರು, ಅವುಗಳಲ್ಲಿ ಒಂದನ್ನು ಕೆಲಸಗಾರ ಮುಟ್ಟಲಾಗದಂತೆ ಮಾಡಿದರು. ಬಾಯ್ಲರಿನಲ್ಲಿ ಸೀಸದ ಒಂದು ಬಿರಡೆ ಕೂರಿಸಿದರು. ನೀರು ಕಡಿಮೆಯಾಗಿ ಲೋಹ ಅತಿಯಾಗಿ ಕಾದರೆ ಸೀಸ ಕರಗಿ ಉಗಿ ಹೊರಹೋಗುತ್ತದೆ, ಬಾಯ್ಲರ್ ಉಳಿಯುತ್ತದೆ.

ಈಗ ನಿಮ್ಮ ಮನೆಯ ಕುಕ್ಕರಿನ ಮುಚ್ಚಳ ತೆಗೆದು ನೋಡಿ. ವಿಷಲ್ ಒಂದು ವಾಲ್ವ್. ಪಕ್ಕದಲ್ಲಿ ಚಿಕ್ಕ ಗುಂಡಿಯಂತೆ ಕೂತಿರುವ ಸೇಫ್ಟಿ ಪ್ಲಗ್ ಆ ಸೀಸದ ಬಿರಡೆಯ ಮೊಮ್ಮಗ. ವಿಷಲ್‌ನ ದಾರಿ ಅನ್ನದ ಅಗುಳಿನಿಂದ ಕಟ್ಟಿಕೊಂಡಾಗ ನಿಮ್ಮನ್ನು ಕಾಯುವುದು ಅದೊಂದೇ. ಅದು ಕರಗಿ ಹೋದಾಗ "ಕುಕ್ಕರ್ ಹಾಳಾಯಿತು" ಎಂದು ಬೇಸರಿಸಬೇಡಿ, ಅದು ತನ್ನ ಕೆಲಸ ಮಾಡಿದೆ.

ಕುಕ್ಕರ್ ಸಿಡಿದರೆ ಏಕೆ ಅಷ್ಟು ಅನಾಹುತ? ಮೈಸೂರಿನ ಎತ್ತರದಲ್ಲಿ ತೆರೆದ ಪಾತ್ರೆಯ ನೀರು ಸುಮಾರು 97 ಡಿಗ್ರಿಗೆ ಕುದಿಯುತ್ತದೆ. ಕುಕ್ಕರಿನೊಳಗೆ ನೀರು ಸುಮಾರು 120 ಡಿಗ್ರಿಯಲ್ಲಿರುತ್ತದೆ. ಮುಚ್ಚಳ ಹಾರಿದ ಕ್ಷಣದಲ್ಲೇ ಆ ಹೆಚ್ಚಿನ ಶಾಖವೆಲ್ಲ ನೀರನ್ನು ಉಗಿಯಾಗಿಸುತ್ತದೆ. ಒಂದು ಲೀಟರ್ ನೀರಿನಿಂದ ಆ ಕ್ಷಣಕ್ಕೆ ಹುಟ್ಟುವ ಉಗಿ 70ರಿಂದ 80 ಲೀಟರ್ ಜಾಗ ಬೇಡುತ್ತದೆ. ಅಡುಗೆ ಮನೆಯ ಕಿಟಕಿ ಒಡೆಯುವುದು ಇದರಿಂದ.

ಕಾಯ್ದೆ ಬಂದ ಬಗೆ

ನಮ್ಮ ದೇಶದಲ್ಲಿ 1863ರಲ್ಲಿ ಕಲ್ಕತ್ತಾದಲ್ಲಿ ಬಾಯ್ಲರ್ ಸಿಡಿದು ಜನ ಸತ್ತ ಮೇಲೆ 1864ರಲ್ಲಿ ಬಂಗಾಳದಲ್ಲಿ ಬಾಯ್ಲರ್ ತಪಾಸಣೆಯ ಕಾಯ್ದೆ ಬಂದಿತು. ಬೇರೆ ಬೇರೆ ಪ್ರಾಂತ್ಯಗಳ ಬೇರೆ ಬೇರೆ ನಿಯಮಗಳನ್ನು ಒಂದುಗೂಡಿಸಿ 1923ರಲ್ಲಿ ಭಾರತೀಯ ಬಾಯ್ಲರ್ ಕಾಯ್ದೆ ಅಂಗೀಕಾರವಾಯಿತು. ನೂರಕ್ಕೂ ಹೆಚ್ಚು ವರ್ಷ ನಡೆದ ಆ ಕಾಯ್ದೆಯ ಸ್ಥಾನದಲ್ಲಿ 2025ರ ಮೇ 1ರಿಂದ ಹೊಸ ಬಾಯ್ಲರ್ ಕಾಯ್ದೆ ಬಂದಿದೆ. ಪ್ರತಿ ಕಾಯ್ದೆಯ ಹಿಂದೆಯೂ ಯಾರದೋ ಮನೆಯ ದುಃಖವಿದೆ ಎಂಬುದನ್ನು ಮರೆಯಬಾರದು.

ಮೈಸೂರು ನಗರಕ್ಕೆ ಉಗಿಯ ಶಕ್ತಿ ದೊಡ್ಡ ಪ್ರಮಾಣದಲ್ಲಿ ಬಂದದ್ದು 1882ರಲ್ಲಿ, ಬೆಂಗಳೂರಿನಿಂದ ರೈಲು ಮಾರ್ಗ ಇಲ್ಲಿಗೆ ತಲುಪಿದಾಗ. ನಮ್ಮ ರೈಲ್ವೆ ಮ್ಯೂಸಿಯಂನಲ್ಲಿ ನಿಂತಿರುವ ಹಳೆಯ ಎಂಜಿನ್‌ಗಳನ್ನು ಮಕ್ಕಳಿಗೆ ತೋರಿಸುವಾಗ ಒಂದು ಮಾತು ಹೇಳಿ. ಅಂತಹ ಬಾಯ್ಲರಿನ ಹೊದಿಕೆಯ ಒಳಗೆ, ಉದ್ದಕ್ಕೆ ಬರುವ ಜೋಡಣೆಯನ್ನು ಅಡ್ಡಕ್ಕೆ ಬರುವ ಜೋಡಣೆಗಿಂತ ಬಲವಾಗಿ ರಿವೆಟ್ ಹೊಡೆದು ಕೂರಿಸುತ್ತಿದ್ದರು. ಏಕೆಂದು ನಿಮಗೆ ಈಗಾಗಲೇ ಗೊತ್ತು: ಕೊಳವೆ ಉದ್ದಕ್ಕೆ ಸೀಳುತ್ತದೆ.

ಮುಂದೆ ಮೊದಲ ಮಹಾಯುದ್ಧದಿಂದ ಜರ್ಮನಿಗೆ ಶ್ರೀಗಂಧದ ಮರ ಹೋಗುವುದು ನಿಂತಾಗ, ದಿವಾನ್ ವಿಶ್ವೇಶ್ವರಯ್ಯನವರ ಕಾಲದಲ್ಲಿ ಗಂಧದೆಣ್ಣೆಯನ್ನು ಇಲ್ಲಿಯೇ ತೆಗೆಯಲು ನಿರ್ಧರಿಸಲಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾದ ಸಡ್‌ಬರೋ ಮತ್ತು ವಾಟ್ಸನ್ ಮೊದಲು ಸಣ್ಣ ಪ್ರಮಾಣದಲ್ಲಿ ಪ್ರಯೋಗ ಮಾಡಿದರು. 1916ರಲ್ಲಿ ಬೆಂಗಳೂರಿನಲ್ಲಿ, 1917ರಲ್ಲಿ ಮೈಸೂರಿನಲ್ಲಿ ಕಾರ್ಖಾನೆ ಆರಂಭವಾಯಿತು. ಗಂಧದ ಪುಡಿಯ ಮೂಲಕ ಉಗಿ ಹಾಯಿಸಿ, ಎಣ್ಣೆಯನ್ನು ಹೊತ್ತು ಬರುವ ಆ ಉಗಿಯನ್ನು ತಣ್ಣಗಾಗಿಸಿ, ನೀರಿನಿಂದ ಎಣ್ಣೆಯನ್ನು ಬೇರ್ಪಡಿಸುವ ವಿಧಾನ ಅದು. ಕೊಳವೆ, ವಾಲ್ವ್, ಉಗಿ ಇವೇ ಅಲ್ಲಿಯೂ ಮುಖ್ಯ. ಆದರೆ ಈ ಬಾರಿ ಮೈಸೂರು ಕೆಲಸವನ್ನು ಬೇರೆ ರೀತಿ ಮಾಡಿತು: ಮೊದಲು ಪ್ರಯೋಗಾಲಯ, ಅಳತೆ, ಬರಹ, ನಂತರ ಕಾರ್ಖಾನೆ. ಆ ಉದ್ಯಮ ಶತಮಾನ ದಾಟಿ ಉಳಿದಿದೆ.

ನಗರದ ಬಾವಿಯಿಂದ ಎದ್ದ ಸಾಕ್ಷಿ

ಶಿವಮೊಗ್ಗ ಜಿಲ್ಲೆಯ ನಗರ, ಅಂದರೆ ಹಳೆಯ ಬಿದನೂರು, ಹೈದರ್ ಅಲಿಯವರ ರಾಜ್ಯದ ಪ್ರಮುಖ ಊರಾಗಿತ್ತು. 2018ರಲ್ಲಿ ಅಲ್ಲಿನ ಪಾಳು ಬಾವಿಯೊಂದರಲ್ಲಿ ಸಾವಿರಕ್ಕೂ ಹೆಚ್ಚು ಹಳೆಯ ರಾಕೆಟ್ ಕೊಳವೆಗಳು ದೊರೆತವು. ಉದ್ದ 23ರಿಂದ 26 ಸೆಂಟಿಮೀಟರ್. ತುಕ್ಕು ತಿಂದ, ಮಣ್ಣು ಮೆತ್ತಿದ ಆ ಕೊಳವೆಗಳನ್ನು ಪುರಾತತ್ವ ಇಲಾಖೆಯವರು ಮೇಲೆತ್ತಿದರು. ಇನ್ನೂರಕ್ಕೂ ಹೆಚ್ಚು ವರ್ಷಗಳ ನಂತರ ಆ ಕಮ್ಮಾರರ ಕೈಕೆಲಸವನ್ನು ನಮ್ಮವರೇ ನಮ್ಮ ನೆಲದಲ್ಲಿ ಅಳೆದರು. ಶ್ರೀರಂಗಪಟ್ಟಣದಿಂದ ಕೊಂಡೊಯ್ದ ಕೊಳವೆಗಳನ್ನು ಬೇರೆಯವರು 1804ರಲ್ಲೇ ಅಳೆಯತೊಡಗಿದ್ದರು ಎಂಬುದನ್ನು ನೆನೆದರೆ ಸಂತೋಷದ ಜೊತೆ ಸ್ವಲ್ಪ ನಾಚಿಕೆಯೂ ಆಗಬೇಕು.

ಇಂದು ನಾವು ಮಾಡಬೇಕಾದ್ದು

ಇತಿಹಾಸ ಓದಿ ಹೆಮ್ಮೆಪಟ್ಟರೆ ಸಾಲದು. ನಮ್ಮ ಮೊಹಲ್ಲಾಗಳಲ್ಲಿ ವೆಲ್ಡಿಂಗ್, ಪ್ಲಂಬಿಂಗ್, ಪಂಕ್ಚರ್, ಗ್ಯಾರೇಜ್, ಅಡುಗೆ ಕಂಟ್ರಾಕ್ಟ್ ಕೆಲಸದಲ್ಲಿ ಎಷ್ಟೋ ಮಂದಿ ಇದ್ದಾರೆ. ಅವರೆಲ್ಲ ದಿನವೂ ಒತ್ತಡದ ಜೊತೆ ಬದುಕುವವರು. ಅವರಿಗಾಗಿ ಮತ್ತು ಪ್ರತಿ ಮನೆಗಾಗಿ ಕೆಲವು ಮಾತುಗಳು:

1. ಕುಕ್ಕರಿನ ವಿಷಲ್ ಕೂರುವ ಕೊಳವೆಯನ್ನು ಪ್ರತಿ ಬಾರಿ ಬೆಳಕಿಗೆ ಹಿಡಿದು, ತೂತು ತೆರೆದಿದೆಯೇ ನೋಡಿ. ಮೂರನೇ ಎರಡು ಭಾಗಕ್ಕಿಂತ ಹೆಚ್ಚು ತುಂಬಬೇಡಿ. ಬೇಳೆ, ಅಕ್ಕಿಗೆ ಇನ್ನೂ ಕಡಿಮೆ. ಸೇಫ್ಟಿ ಪ್ಲಗ್ ಮತ್ತು ಗ್ಯಾಸ್ಕೆಟ್ ಅದೇ ಕಂಪನಿಯದನ್ನೇ ಹಾಕಿ. ಪ್ಲಗ್‌ನ ಜಾಗಕ್ಕೆ ಸ್ಕ್ರೂ ಹಾಕಿ ಮುಚ್ಚುವುದು ಪ್ರಾಣಕ್ಕೆ ಸಂಚಕಾರ.

2. ಗ್ಯಾಸ್ ಸಿಲಿಂಡರ್ ಬಂದಾಗ ಅದರ ಕುತ್ತಿಗೆಯ ಪಟ್ಟಿಯ ಮೇಲೆ ಬರೆದ ಅಕ್ಷರ ಮತ್ತು ವರ್ಷ ಓದಿ. ಎ ಎಂದರೆ ಜನವರಿಯಿಂದ ಮಾರ್ಚ್, ಬಿ ಎಂದರೆ ಏಪ್ರಿಲ್‌ನಿಂದ ಜೂನ್, ಸಿ ಎಂದರೆ ಜುಲೈನಿಂದ ಸೆಪ್ಟೆಂಬರ್, ಡಿ ಎಂದರೆ ಅಕ್ಟೋಬರ್‌ನಿಂದ ಡಿಸೆಂಬರ್. ಆ ಅವಧಿಗೆ ಸಿಲಿಂಡರಿನ ಮರುಪರೀಕ್ಷೆ ಆಗಬೇಕು. ಅವಧಿ ದಾಟಿದ್ದನ್ನು ತೆಗೆದುಕೊಳ್ಳಬೇಡಿ. ರಬ್ಬರ್ ಟ್ಯೂಬ್ ಬಿರುಕು ಬಿಟ್ಟಿದ್ದರೆ ಆ ದಿನವೇ ಬದಲಿಸಿ. ಸೋರಿಕೆಯನ್ನು ಸೋಪಿನ ನೀರಿನಿಂದ ಪರೀಕ್ಷಿಸಿ, ಬೆಂಕಿಕಡ್ಡಿಯಿಂದ ಎಂದೂ ಬೇಡ. ವಾಸನೆ ಬಂದರೆ ರೆಗ್ಯುಲೇಟರ್ ಮುಚ್ಚಿ, ಕಿಟಕಿ ತೆರೆಯಿರಿ, ಲೈಟಿನ ಸ್ವಿಚ್ ಮುಟ್ಟಬೇಡಿ, ಹೊರಗೆ ಬಂದು 1906ಕ್ಕೆ ಫೋನ್ ಮಾಡಿ.

3. ಪಂಕ್ಚರ್ ಅಂಗಡಿ, ಗ್ಯಾರೇಜ್‌ಗಳ ಗಾಳಿ ಕಂಪ್ರೆಸರ್‌ನ ಟ್ಯಾಂಕಿನ ತಳದಲ್ಲಿ ನೀರು ನಿಲ್ಲುತ್ತದೆ, ಒಳಗಿನಿಂದ ತುಕ್ಕು ಹಿಡಿಯುತ್ತದೆ. ದಿನವೂ ಸಂಜೆ ಕೆಳಗಿನ ಕಾಕ್ ತೆರೆದು ನೀರು ಬಿಡಿ. ತೂತು ಬಿದ್ದ ಟ್ಯಾಂಕಿಗೆ ತೇಪೆ ವೆಲ್ಡಿಂಗ್ ಹಾಕಿ ಮತ್ತೆ ಗಾಳಿ ತುಂಬಬೇಡಿ.

4. ಹೊಸ ಪೈಪ್ ಲೈನನ್ನು ಪರೀಕ್ಷಿಸುವಾಗ ನೀರು ತುಂಬಿ ಒತ್ತಡ ಕೊಡಿ. ನೀರು ಅದುಮಿದರೂ ಕುಗ್ಗುವುದು ತೀರಾ ಕಡಿಮೆ, ಆದ್ದರಿಂದ ಪೈಪು ಒಡೆದರೆ ನೀರು ಚಿಮ್ಮಿ ಒತ್ತಡ ಇಳಿದುಹೋಗುತ್ತದೆ. ಗಾಳಿ ಸ್ಪ್ರಿಂಗಿನಂತೆ ಶಕ್ತಿಯನ್ನು ಕೂಡಿಟ್ಟು, ಒಡೆದಾಗ ಚೂರುಗಳನ್ನು ಗುಂಡಿನಂತೆ ಎಸೆಯುತ್ತದೆ. ಕೆಲಸದ ಒತ್ತಡದ ಒಂದೂವರೆ ಪಟ್ಟು ನೀರಿನ ಪರೀಕ್ಷೆ ಸಾಮಾನ್ಯ ರೂಢಿ.

5. ಸೇಫ್ಟಿ ವಾಲ್ವ್ ಪದೇ ಪದೇ ತೆರೆಯುತ್ತಿದೆಯೆಂದು ಅದನ್ನು ಬಿಗಿ ಮಾಡಬೇಡಿ. ಅದು ದೂರು ಹೇಳುತ್ತಿದೆ, ಅದರ ಬಾಯಿ ಮುಚ್ಚಿಸದೆ ಕಾರಣ ಹುಡುಕಿ.

ಕೊನೆಯ ಮಾತು

ನಮ್ಮ ಮಕ್ಕಳು ಡಾಕ್ಟರ್, ಎಂಜಿನಿಯರ್ ಆಗಲಿ ಎಂದು ನಾವು ಬಯಸುತ್ತೇವೆ. ಒಳ್ಳೆಯದೇ. ಆದರೆ ಐಟಿಐ, ಡಿಪ್ಲೊಮಾ ಓದುವ ಹುಡುಗನನ್ನು, ಕಬ್ಬಿಣ ಬಡಿಯುವ ಕೈಯನ್ನು ಕೀಳಾಗಿ ಕಾಣುವ ಅಭ್ಯಾಸ ನಮ್ಮಲ್ಲಿ ಇನ್ನೂ ಇದೆ. ಮೈಸೂರು ರಾಜ್ಯದ ಕೀರ್ತಿಯನ್ನು ವುಲಿಚ್‌ವರೆಗೆ ಕೊಂಡೊಯ್ದ ಕೊಳವೆಯನ್ನು ಮಾಡಿದ್ದು ಅಂತಹ ಕೈಗಳೇ. ಆ ಕೈಗಳ ಹೆಸರು ನಮ್ಮ ಪಠ್ಯಪುಸ್ತಕಗಳಲ್ಲಿ ಇಲ್ಲ.

ಆದ್ದರಿಂದ ನಮ್ಮ ಎರಡು ವರ್ಗದ ಯುವಕರಿಗೆ ಎರಡು ವಿನಂತಿ. ಕಾಲೇಜಿನಲ್ಲಿ ಸೂತ್ರ ಕಲಿಯುತ್ತಿರುವ ತರುಣರೇ, ವಾರಕ್ಕೊಮ್ಮೆಯಾದರೂ ನಿಮ್ಮ ಬೀದಿಯ ವೆಲ್ಡಿಂಗ್ ಅಂಗಡಿಗೆ ಹೋಗಿ ಕುಳಿತುಕೊಳ್ಳಿ, ಲೋಹದ ಹದ ಹೇಗೆ ತಿಳಿಯುತ್ತದೆಂದು ಅಲ್ಲಿನ ಉಸ್ತಾದರನ್ನು ಕೇಳಿ. ಕಾರ್ಯಾಗಾರದಲ್ಲಿ ದುಡಿಯುತ್ತಿರುವ ತಮ್ಮಂದಿರೇ, ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಯಾವ ಟ್ಯಾಂಕು, ಎಷ್ಟು ದಪ್ಪ, ಎಷ್ಟು ಒತ್ತಡಕ್ಕೆ ಪರೀಕ್ಷಿಸಿದೆ, ಯಾವ ದಿನ ಎಂದು ಬರೆದಿಡಿ. ನಾಳೆ ನಿಮ್ಮ ಶಿಷ್ಯನಿಗೆ ಆ ಪುಸ್ತಕ ಕೊಡಿ.

ಕೈಯ ವಿದ್ಯೆ ಮತ್ತು ಪುಸ್ತಕದ ವಿದ್ಯೆ ಒಂದಾಗಿದ್ದರೆ ಶ್ರೀರಂಗಪಟ್ಟಣದ ಕುಲುಮೆ ಅಷ್ಟು ಬೇಗ ತಣ್ಣಗಾಗುತ್ತಿರಲಿಲ್ಲ. ಅವೆರಡನ್ನೂ ಒಂದು ಮಾಡುವ ಕೆಲಸ ಇನ್ನು ನಮ್ಮದು. ಇಂದು ಸಂಜೆ ಅಡುಗೆ ಮನೆಗೆ ಹೋಗಿ, ಕುಕ್ಕರಿನ ವಿಷಲ್ ಕೊಳವೆಯನ್ನು ಬೆಳಕಿಗೆ ಹಿಡಿದು ನೋಡುವುದರಿಂದಲೇ ಅದನ್ನು ಆರಂಭಿಸೋಣ.